ಜ್ವರವಿಲ್ಲದವಳು

ಆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಏಳು ಜನ ಕೆಲಸ ಮಾಡುತ್ತಿದ್ದರು. ಆರು ಜನ ಅಮ್ಮಂದಿರ ಬೆನ್ನಿಗೆ ನಿಂತೋ ಹೊಟ್ಟೆಪಾಡಿಗೆ ಬಿದ್ದೋ ಅಡುಗೆ ಕಲಿತವರು. ಏಳನೆಯವಳು ಮಾತ್ರ ಮೂರು ವರ್ಷ ಕಾಲೇಜಿಗೆ ಹೋಗಿ, ಪರೀಕ್ಷೆ ಬರೆದು, ಅಡುಗೆಯಲ್ಲೇ ಪದವಿ ಪಡೆದು ಬಂದವಳು. ಸೇರಿದ ಎರಡನೇ ದಿನಕ್ಕೆ ಅವಳ ಹೆಸರು ಹೋಗಿ ‘ಡಿಗ್ರಿ’ ಎಂದಾಯಿತು. “ಡಿಗ್ರಿ, ಆ ಸೌಟು ಕೊಡು.” “ಡಿಗ್ರಿ, ಉಪ್ಪು ಜಾಸ್ತಿ ಆದ್ರೆ ಏನ್ ಮಾಡ್ಬೇಕು ಅಂತ ನಿನ್ ಪುಸ್ತಕದಲ್ಲಿ ಬರ್ದಿದ್ಯಾ?” ಅವಳು ನಕ್ಕು, “ಬರ್ದಿದೆ. ಮೊದಲೇ ಕಮ್ಮಿ ಹಾಕ್ಬೇಕಿತ್ತು ಅಂತ ಬರ್ದಿದೆ” ಎನ್ನುತ್ತಿದ್ದಳು.

ನಾನು ಆಗ ನಗರಸಭೆಯ ಆರೋಗ್ಯ ವಿಭಾಗದಲ್ಲಿ ನಿರೀಕ್ಷಕಿ. ಅವಳನ್ನು ಆ ಅಡುಗೆಮನೆಯಿಂದ ಹೊರಗೆ ಕಳಿಸಿದವಳು ನಾನೇ. ಆಮೇಲೆ ಎರಡೂವರೆ ವರ್ಷ ತಿಂಗಳಿಗೊಮ್ಮೆ ಅವಳ ಮನೆಯ ಬಾಗಿಲು ತಟ್ಟಿದವಳೂ ನಾನೇ. ಹೀಗಾಗಿ ನಾನು ಹೇಳುವುದರಲ್ಲಿ ಕಣ್ಣಾರೆ ಕಂಡದ್ದು ಒಂದಷ್ಟು, ಅವಳ ಬಾಯಿಂದ ಕೇಳಿದ್ದು ಒಂದಷ್ಟು.

ಅಪ್ಪ ಅವಳ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದರು. ಅಮ್ಮ ಟೈಲರ್ ಅಂಗಡಿಯೊಂದರಲ್ಲಿ ಕಾಜಾ ಹಾಕುತ್ತಿದ್ದರು, ಗುಂಡಿ ಹೊಲಿಯುತ್ತಿದ್ದರು. ಅಣ್ಣನಿಗೆ ಲೇತ್ ಮೆಷಿನ್ನಿನ ಕೆಲಸ. ಅತ್ತಿಗೆಗೆ ಕೈಗೂಸು. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ; ಪಾಯಿಖಾನೆ ಅದೇ ಮಹಡಿಯ ಕಾರಿಡಾರಿನಲ್ಲಿ, ಪಕ್ಕದ ಮನೆಯವರಿಗೂ ಇವರಿಗೂ ಸೇರಿ ಒಂದೇ. ಅಡುಗೆಯ ಕಾಲೇಜಿಗೆ ಸೇರುತ್ತೇನೆ ಎಂದಾಗ ಅಣ್ಣ, “ಅಡುಗೆ ಕಲಿಯೋಕೂ ಕಾಲೇಜು ಬೇಕಾ? ಹಾಗಾದ್ರೆ ಉಸಿರಾಡೋದನ್ನ ಯಾವ ಕಾಲೇಜಲ್ಲಿ ಹೇಳ್ಕೊಡ್ತಾರೆ?” ಎಂದು ಗೇಲಿ ಮಾಡಿದ್ದ. ಅಮ್ಮ ಬಾಯಲ್ಲಿದ್ದ ದಾರ ಕಚ್ಚಿ ತುಂಡರಿಸಿ, “ಓದಲಿ ಬಿಡೋ. ಕೈಯಲ್ಲೊಂದು ಕಾಗದ ಇರಲಿ” ಎಂದಿದ್ದರು.

ಕಾಗದವೇನೋ ಕೈಗೆ ಬಂತು. ಕೆಲಸ ಬರಲಿಲ್ಲ. ಹೋದ ಹೋಟೆಲಿನಲ್ಲೆಲ್ಲ ಒಂದೇ ಪ್ರಶ್ನೆ: “ಅನುಭವ ಇದೆಯಾ?” ಒಂದು ಕಡೆ ಅವಳು ತಡೆಯಲಾರದೆ, “ಕೆಲಸ ಕೊಟ್ರೆ ತಾನೇ ಸಾರ್ ಅನುಭವ ಆಗೋದು?” ಎಂದಳು. ಆತ ಬಾಯ್ತುಂಬ ನಕ್ಕ, ನಗುನಗುತ್ತಲೇ ಮುಂದಿನವನನ್ನು ಒಳಗೆ ಕರೆದ. ಇನ್ನೊಂದು ಕಡೆ, “ಹೆಣ್ಮಕ್ಕಳನ್ನ ದೊಡ್ಡ ಒಲೆ ಹತ್ರ ನಿಲ್ಲಿಸಲ್ಲಮ್ಮ, ಬಾಗಿಲಲ್ಲಿ ನಿಂತು ಬಂದೋರಿಗೆ ನಮಸ್ಕಾರ ಹೇಳ್ತೀಯಾ?” ಎಂದು ಕೇಳಿದರು. ಏಳು ತಿಂಗಳು ಹೀಗೆ ಅಲೆದಾಡಿದ ಮೇಲೆ ಸಿಕ್ಕಿದ್ದು ಹುಡುಗಿಯರ ಹಾಸ್ಟೆಲ್ಲಿನ ಈ ಸಹಾಯಕಿ ಕೆಲಸ. ಅವಳ ಚಾಕುವಿನ ಕೈ ನೋಡಿ ಅಡುಗೆಮನೆಯ ಯಜಮಾನಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ದಪ್ಪನೆಯ ಹೆಂಗಸು, ಹಸಿ ತರಕಾರಿ ಮತ್ತು ಹಣ್ಣು ಹೆಚ್ಚುವ ಕೆಲಸವನ್ನು ಪೂರ್ತಿ ಅವಳಿಗೇ ಬಿಟ್ಟರು. ಸೌತೆಕಾಯಿಯನ್ನು ಅವಳು ಎಷ್ಟು ತೆಳ್ಳಗೆ ಹೆಚ್ಚುತ್ತಿದ್ದಳೆಂದರೆ, ಬಿಲ್ಲೆಯನ್ನು ಕಣ್ಣಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು.

ಅವಳು ಸೇರಿ ಮೂರು ತಿಂಗಳಾಗಿತ್ತು. ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗಿಗೆ ಜ್ವರ ಬಂತು, ಬೆನ್ನಿಗೇ ಅವಳ ಕೋಣೆಯವಳಿಗೂ ಬಂತು. ವಾರ್ಡನ್ ತಲೆ ಕೆಡಿಸಿಕೊಳ್ಳಲಿಲ್ಲ: “ಪರೀಕ್ಷೆ ಹತ್ರ ಬಂತಲ್ಲ, ಜ್ವರ ಬರದೆ ಇನ್ನೇನು ಬರುತ್ತೆ?” ಎರಡನೇ ವಾರಕ್ಕೆ ಹದಿನಾಲ್ಕು ಜನ ಹಾಸಿಗೆ ಹಿಡಿದರು. ಮೂರನೇ ವಾರಕ್ಕೆ ಮೂವತ್ತೊಂದು. ರಕ್ತ ಪರೀಕ್ಷೆಯಲ್ಲಿ ಟೈಫಾಯ್ಡ್ ಎಂದು ಬಂದಾಗ ನಮ್ಮ ಕಚೇರಿಗೆ ಫೋನು ಬಂತು.

ನಾನು ಹೋಗಿ ತೊಟ್ಟಿಯ ನೀರು ತೆಗೆದೆ, ನಲ್ಲಿಯ ನೀರು ತೆಗೆದೆ, ಹಾಲಿನ ಕ್ಯಾನುಗಳನ್ನೂ ಬಿಡಲಿಲ್ಲ. ಎಲ್ಲವೂ ಶುದ್ಧ. ಉಳಿದದ್ದು ಅಡುಗೆಯವರು. ಏಳು ಮುಚ್ಚಳದ ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಮಲದ ಮಾದರಿ ಯಾತಕ್ಕೆ ಬೇಕೆಂದು ವಿವರಿಸಿದೆ. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಮಲಗಿರೋರು ಅವರು, ಡಬ್ಬಿ ನಮಗಾ?”

ಆಗ ಮೂಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಹುಡುಗಿ ಮುಂದೆ ಬಂದಳು. “ಹಾಗಲ್ಲ ದೊಡ್ಡಮ್ಮ. ಚೆನ್ನಾಗಿರೋರ ಹೊಟ್ಟೇಲೂ ಕ್ರಿಮಿ ಇರಬಹುದು. ಅವರಿಗೇನೂ ಆಗಲ್ಲ, ಅವರ ಕೈಯಿಂದ ತಿಂದೋರಿಗೆ ಆಗುತ್ತೆ. ನಾವು ಓದಿದ್ವಿ. ಕೊಟ್ಬಿಡೋಣ, ನಮ್ಮ ಮೇಲೆ ಮಾತು ಬರಲ್ಲ.” ಹಾಗೆಂದು ಮೊದಲ ಡಬ್ಬಿ ಅವಳೇ ಎತ್ತಿಕೊಂಡಳು. ಈ ಹುಡುಗಿ ಇದ್ದದ್ದಕ್ಕೆ ನನ್ನ ಕೆಲಸ ಹಗುರಾಯಿತು ಎಂದುಕೊಂಡೆ.

ನಾಲ್ಕನೇ ದಿನ ಪ್ರಯೋಗಾಲಯದಿಂದ ಏಳು ಚೀಟಿ ಬಂದವು. ಆರರಲ್ಲಿ ಏನೂ ಇರಲಿಲ್ಲ. ಏಳನೆಯದು ಅವಳದು. ತಪ್ಪಾಗಿರಬಹುದೆಂದು ಮತ್ತೊಮ್ಮೆ ಮಾಡಿಸಿದೆ. ಬದಲಾಗಲಿಲ್ಲ.

ಹಾಸ್ಟೆಲ್ಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಅವಳನ್ನು ಕೂರಿಸಿ ಹೇಳಿದೆ. ಅವಳು ಅಳಲಿಲ್ಲ. ಮುಂಗೈಯಿಂದ ತನ್ನ ಹಣೆ ಮುಟ್ಟಿ ನೋಡಿಕೊಂಡಳು.

“ನಂಗೆ ಜ್ವರಾನೇ ಇಲ್ವಲ್ಲ ಮೇಡಂ.”

“ಈಗಿಲ್ಲ. ಹಿಂದೆ ಯಾವಾಗಾದ್ರೂ ಬಂದಿತ್ತಾ? ವಾರಗಟ್ಟಲೆ?”

ಅವಳು ತಡೆದು ತಡೆದು ಹೇಳಿದಳು. ಬಂದಿತ್ತು, ಕೊನೇ ವರ್ಷದಲ್ಲಿ. ಹೊರಗಿನ ಪರೀಕ್ಷಕರ ಮುಂದೆ ಅಡುಗೆ ಮಾಡಿ ತೋರಿಸುವ ಪರೀಕ್ಷೆಗೆ ಹತ್ತು ದಿನವಿತ್ತು. ಜ್ವರ ಎಂದು ತಿಳಿದರೆ ಅಡುಗೆಮನೆಗೆ ಬಿಡುವುದಿಲ್ಲ, ಒಂದು ವರ್ಷ ಹೋಗುತ್ತದೆ. ಅಣ್ಣನ ಬಾಯಿಗೆ ಬೀಳಬೇಕಾಗುತ್ತದೆ. ಅಮ್ಮನಿಗೂ ಹೇಳದೆ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದಳು. ಐದು ದಿನಕ್ಕೆ ಜ್ವರ ಇಳಿಯಿತು, ಮಾತ್ರೆ ನಿಲ್ಲಿಸಿದಳು. ಪರೀಕ್ಷೆಯಲ್ಲಿ ತರಗತಿಗೇ ಎರಡನೆಯವಳಾಗಿ ಪಾಸಾದಳು.

“ಹಾಗಾದ್ರೆ ಆ ಮೂವತ್ತೊಂದು ಜನ...” ಎಂದಳು.

ಆ ಮೂವತ್ತೊಂದರಲ್ಲಿ ಒಬ್ಬಳ ಕರುಳು ತೂತಾಗಿ, ಹೊಟ್ಟೆ ಕೊಯ್ದು ಹೊಲಿದಿದ್ದರು. ಮೊದಲ ವರ್ಷದ ಹುಡುಗಿ. ಡಿಗ್ರಿ ಅವಳನ್ನು ನೋಡಲು ಆಸ್ಪತ್ರೆಗೆ ಹೋದಳೆಂಬುದು ನನಗೆ ತಿಳಿದದ್ದು ತಡವಾಗಿ. ರೋಗಿಯನ್ನು ನೋಡಲು ಹೋಗುವವರು ಏನಾದರೂ ತೆಗೆದುಕೊಂಡು ಹೋಗುತ್ತಾರೆ. ಇವಳು ಹಣ್ಣಿನ ಅಂಗಡಿಯ ಮುಂದೆ ನಿಂತು, ಹಿಂದೆ ಸರಿದು, ಬರಿಗೈಯಲ್ಲಿ ಹೋದಳು. ಹುಡುಗಿಯ ತಾಯಿ, “ಯಾರಮ್ಮ ನೀನು?” ಎಂದರು.

“ಹಾಸ್ಟೆಲಲ್ಲಿ ಅಡುಗೆ ಕೆಲಸ ಮಾಡ್ತಿದ್ದೆ.”

“ನೀನಾದ್ರೂ ಬಂದ್ಯಲ್ಲ ತಾಯಿ! ಆ ವಾರ್ಡನ್ ಒಂದ್ಸಲ ತಲೆ ಹಾಕಿ ನೋಡ್ಲಿಲ್ಲ.” ಆ ತಾಯಿ ಕೈಲಿದ್ದ ಗಂಜಿಯ ಬಟ್ಟಲು, ಚಮಚ ಇವಳ ಕೈಗೇ ಕೊಟ್ಟರು. “ಎರಡು ಚಮಚ ತಿನ್ನಿಸ್ತಿರು, ಔಷಧಿ ಚೀಟಿ ಕೊಟ್ಟು ಬಂದ್ಬಿಡ್ತೀನಿ.”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬಟ್ಟಲನ್ನು ಸ್ಟೂಲಿನ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಹಾಸಿಗೆಯ ಹುಡುಗಿ ಬಾಯಿ ತೆರೆದು ಕಾದಳು, ಆಮೇಲೆ ಮುಚ್ಚಿದಳು. ತಾಯಿ ತಿರುಗಿ ಬಂದಾಗ ಗಂಜಿ ಹಾಗೇ ಇತ್ತು. ಡಿಗ್ರಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಬೈಯುತ್ತಾರೆ, ಹೊಡೆದರೂ ಹೊಡೆಯುತ್ತಾರೆ ಎಂದುಕೊಂಡಿದ್ದಳು. ಆ ತಾಯಿ ಬಟ್ಟಲನ್ನು ತೆಗೆದುಕೊಂಡು ಹೋಗಿ ನಲ್ಲಿಯ ಕೆಳಗೆ ಚೆಲ್ಲಿ, ತೊಳೆದು, ಬೇರೆ ಗಂಜಿ ಹಾಕಿಕೊಂಡು ಬಂದರು. “ಹೋಗಮ್ಮ” ಎಂದರು, ಅಷ್ಟೇ. “ಅವರು ಬೈದಿದ್ರೆ ಚೆನ್ನಾಗಿತ್ತು ಮೇಡಂ” ಎಂದು ಅವಳು ನನ್ನ ಹತ್ತಿರ ಹೇಳಿದ್ದು ಒಂದು ವರ್ಷ ಕಳೆದ ಮೇಲೆ.

ನಿಯಮ ಸರಳವಾಗಿತ್ತು. ನಾಲ್ಕು ವಾರ ಔಷಧಿ. ಆಮೇಲೆ ತಿಂಗಳಿಗೊಂದರಂತೆ ಸಾಲಾಗಿ ಮೂರು ಮಾದರಿಗಳಲ್ಲಿ ಏನೂ ಕಾಣದಿದ್ದರೆ ಬಿಡುಗಡೆಯ ಪತ್ರ. ಅಲ್ಲಿಯವರೆಗೆ ಇನ್ನೊಬ್ಬರು ತಿನ್ನುವ ಯಾವ ವಸ್ತುವನ್ನೂ ಮುಟ್ಟುವ ಹಾಗಿಲ್ಲ. ಅದನ್ನು ಓದಿ ಹೇಳಿ ಅವಳ ಸಹಿ ಹಾಕಿಸಿಕೊಂಡೆ. ಒಂದು ಸಹಿಯಿಂದ ಮೂರು ವರ್ಷದ ಓದು ಅಟ್ಟ ಸೇರಿತು. ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಮನೆಯಲ್ಲಿ ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಅತ್ತಿಗೆ ಕೆಟ್ಟವಳಲ್ಲ, ಅವಳ ಮಗುವಿಗಿನ್ನೂ ಹತ್ತು ತಿಂಗಳು. ಮೊದಲು ಒಂದು ತಟ್ಟೆ ಬೇರೆಯಾಯಿತು, ಆಮೇಲೆ ಲೋಟ. ಕ್ರಮೇಣ ಸೋಪು, ಟವಲು, ಕೂರುವ ಜಾಗ. ಯಾರೂ ಏನೂ ಹೇಳುತ್ತಿರಲಿಲ್ಲ, ಬೆಳಗಾದರೆ ಒಂದೊಂದೇ ಬೇರೆಯಾಗಿರುತ್ತಿತ್ತು. ಮಗು ಅತ್ತೆಯ ಕಡೆ ಅಂಬೆಗಾಲಿಟ್ಟರೆ ಅತ್ತಿಗೆ ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು, ಎತ್ತಿಕೊಂಡು, “ಅತ್ತೇನ ಕಾಡ್ಸಬೇಡ ಕಂದ” ಎನ್ನುತ್ತಿದ್ದಳು, ಕಾಟ ಮಗುವಿನದೇ ಎಂಬಂತೆ. ಡಿಗ್ರಿ ಅಡುಗೆಮನೆಯ ಹೊಸ್ತಿಲಿನಿಂದ ಈಚೆ ಕೂತು, “ಅತ್ತಿಗೆ, ಉರಿ ಸಣ್ಣ ಮಾಡಿ, ತಳ ಹಿಡಿಯುತ್ತೆ” ಎಂದು ಹೇಳುತ್ತಿದ್ದಳು. ಅಣ್ಣನೊಮ್ಮೆ, “ನೋಡಿ, ನಮ್ಮನೇಲಿ ರೇಡಿಯೋ ಅಡುಗೆ ಮಾಡುತ್ತೆ” ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಮನೆಯಲ್ಲಿ ಆ ವರ್ಷ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಎಂದು ಅಮ್ಮ ಹೇಳುತ್ತಿದ್ದರು.

ನಾನು ಎಷ್ಟೇ ಮುಚ್ಚಿ ತಂದರೂ ನನ್ನ ಡಬ್ಬಿಯ ಗುಟ್ಟು ಉಳಿಯಲಿಲ್ಲ. ಓಣಿಯ ಮಕ್ಕಳು ನನ್ನನ್ನು ‘ಡಬ್ಬಿ ಮೇಡಂ’ ಎಂದು ಕರೆಯತೊಡಗಿದರು. ಒಂದು ದಿನ ಹೋದಾಗ ಪಾಯಿಖಾನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯಾಕೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, “ನಮ್ಮನೇಲೂ ಮಕ್ಕಳಿದಾರೆ ಮೇಡಂ. ಅವಳು ಕೆಳಗಿನ ಅಂಗಡಿಯವರದ್ದಕ್ಕೆ ಹೋಗಲಿ” ಎಂದಳು. ಕೈ ಸೋಪು ಹಾಕಿ ತೊಳೆದರೆ, ಪಾಯಿಖಾನೆಗೆ ಔಷಧಿ ಹಾಕಿದರೆ ಭಯವಿಲ್ಲವೆಂದು ಅರ್ಧ ಗಂಟೆ ಹೇಳಿದೆ. ಆಕೆ ಕೇಳಿಸಿಕೊಂಡಳು, ಒಪ್ಪಿದಳು, ಬೀಗ ಮಾತ್ರ ತೆಗೆಯಲಿಲ್ಲ. ಅಂದಿನಿಂದ ಡಿಗ್ರಿ ಮೂರು ಮಹಡಿ ಇಳಿದು ಹೋಗಿ ಬರುತ್ತಿದ್ದಳು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಮೊದಲ ಮಾದರಿಯಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲೂ ಇಲ್ಲ. ಅಮ್ಮ ನನಗೆ ಮೆಟ್ಟಿಲವರೆಗೂ ಬಂದು ಕೈ ಮುಗಿದರು. ಹಾಸ್ಟೆಲ್ಲಿಗೆ ತಿರುಗಿ ಹೋಗಲು ಡಿಗ್ರಿ ತನ್ನ ಬಿಳಿ ಏಪ್ರನ್ ಒಗೆದು ಇಸ್ತ್ರಿ ಮಾಡಿಟ್ಟಳು. ಮೂರನೆಯ ಚೀಟಿ ತೆಗೆದುಕೊಂಡು ನಾನು ಮೆಟ್ಟಿಲು ಹತ್ತುವಾಗ ಅವಳು ಮೇಲೆ ಕಟಕಟೆ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿ, “ಬಂದಿದ್ಯಾ?” ಎಂದಳು. ಕ್ರಿಮಿ ಮತ್ತೆ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ನಾಲ್ಕು ವಾರ ಮಾತ್ರೆ, ಮತ್ತೆ ಒಂದರಿಂದ ಎಣಿಕೆ. ಆ ವರ್ಷ ಹೀಗೆ ಎರಡು ಸಲ ಆಯಿತು.

ಬೇರೆ ಕೆಲಸ ಹುಡುಕಲಿಲ್ಲವೇ ಎಂದು ಕೇಳಬಹುದು. ಹುಡುಕಿದಳು. ಫೋನಿನಲ್ಲಿ ಉತ್ತರ ಹೇಳುವ ಕಚೇರಿಗೆ ಹೋದರೆ, “ಅಡುಗೆ ಓದಿ ಇಲ್ಲಿಗ್ಯಾಕೆ ಬಂದ್ರಿ?” ಎಂದರು. ಬಟ್ಟೆ ಅಂಗಡಿಯವರು ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ವಿಚಾರಿಸಲು ಹಾಸ್ಟೆಲ್ಲಿಗೆ ಫೋನ್ ಮಾಡಿದರು. ವಾರ್ಡನ್ ಏನು ಹೇಳಿದರೋ, ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ಕೊನೆಗೆ ಅಮ್ಮನ ಜೊತೆ ಟೈಲರ್ ಅಂಗಡಿಯ ಹಿಂದಿನ ಬೆಂಚಿನಲ್ಲಿ ಕೂತು ಗುಂಡಿ ಹೊಲಿಯತೊಡಗಿದಳು. “ಕೈಯಲ್ಲೊಂದು ಕಾಗದ ಇರಲಿ ಅಂದ್ಯಲ್ಲಮ್ಮ, ಈಗ ಎರಡಿದೆ. ಒಂದು ಅಡುಗೆ ಮಾಡು ಅನ್ನುತ್ತೆ, ಒಂದು ಮಾಡಬೇಡ ಅನ್ನುತ್ತೆ” ಎಂದಳಂತೆ. ಅಮ್ಮ ಸೂಜಿಗೆ ದಾರ ಪೋಣಿಸಿ ಕೊಟ್ಟರು.

ಎರಡನೇ ವರ್ಷದ ಮೊದಲಲ್ಲಿ ಅವಳು ನನ್ನ ಕಚೇರಿಗೆ ಬಂದಳು. ಎಂದೂ ಬಂದವಳಲ್ಲ. ಮೇಜಿನ ಮೇಲೆ ಒಂದು ಪತ್ರವಿಟ್ಟಳು. ಆರು ಗಂಟೆಯ ದಾರಿಯಲ್ಲಿರುವ ಒಂದು ಊರಿನ ದೊಡ್ಡ ಹೋಟೆಲು. ಹಿಂದೆ ಎಂದೋ ಹಾಕಿದ್ದ ಅರ್ಜಿಗೆ ಈಗ ಕರೆ. ಅಡುಗೆಮನೆಯ ಕೆಲಸ, ಉಳಿಯಲು ಕೋಣೆ.

“ಅವರು ಏನೂ ಕೇಳಿಲ್ಲ ಮೇಡಂ” ಎಂದಳು.

“ನಾನು ಹೂಂ ಅನ್ನೋಕೆ ಆಗಲ್ಲ.”

“ಊಹೂಂ ಅಂತಾನೂ ಅನ್ಬೇಡಿ. ಸುಮ್ನಿರಿ. ಸಾಕು.”

“ಸುಮ್ನಿರೋಕೂ ಆಗಲ್ಲಮ್ಮ.”

ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. “ನೀವು ಸಾಯಂಕಾಲ ಮನೆಗೆ ಹೋಗಿ ಅಡುಗೆ ಮಾಡ್ತೀರಿ ಅಲ್ವಾ? ಮಾಡಿ ಎಲ್ರಿಗೂ ಬಡಿಸ್ತೀರಿ. ಬೇಜಾರು ಅಂತ ಗೊಣಗ್ತೀರೇನೋ.” ಪತ್ರ ಮಡಚಿಕೊಂಡು ಹೊರಟುಹೋದಳು.

ಆ ಹೋಟೆಲಿಗೆ ಫೋನ್ ಮಾಡುವುದು ನನ್ನ ಕರ್ತವ್ಯವಾಗಿತ್ತು. ಅಂದು ಮಾಡಲಿಲ್ಲ. ನಾಳೆ ಮಾಡೋಣ ಎಂದುಕೊಂಡೆ. ಹೀಗೆ ಎರಡು ದಿನ ಮುಂದೂಡಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಕೈಯೂ ಶುದ್ಧವಲ್ಲ.

ಅವಳು ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದ್ದಳು. ಮಧ್ಯಾಹ್ನ ಹೋಟೆಲಿನವರು ಹೊಸ ಏಪ್ರನ್ ಕೊಟ್ಟರು, ತಲೆಗೆ ಟೋಪಿ ಕೊಟ್ಟರು. ಹೊಳೆಯುವ ಉಕ್ಕಿನ ಮೇಜು, ಗೋಡೆಯುದ್ದ ಸಾಲು ಒಲೆ, ಅವಳು ಕಾಲೇಜಿನಲ್ಲಿ ಚಿತ್ರದಲ್ಲಿ ಮಾತ್ರ ನೋಡಿದ್ದಂಥ ಅಡುಗೆಮನೆ. ಮುಖ್ಯ ಬಾಣಸಿಗ ಒಂದು ಬುಟ್ಟಿ ಸೌತೆಕಾಯಿ ಮುಂದಿಟ್ಟು, “ನಿನ್ ಕೈ ನೋಡೋಣ” ಎಂದ. ಅವಳು ಕೈ ತೊಳೆಯಲು ಹೋದಳು. ಸೋಪು ಹಾಕಿ ತೊಳೆದಳು, ಉಗುರಿನ ಸಂದಿ ತಿಕ್ಕಿದಳು, ಮತ್ತೆ ಸೋಪು ಹಾಕಿದಳು. ಹಿಂದಿನಿಂದ ಬಾಣಸಿಗ, “ಏನಮ್ಮ, ಚರ್ಮ ಸುಲೀತಿದ್ಯಾ?” ಎಂದು ನಕ್ಕ. ಅವಳು ನಲ್ಲಿ ನಿಲ್ಲಿಸಿದಳು. ಚಾಕು ಎತ್ತಿಕೊಂಡಳು. ಒಂದು ಸೌತೆಕಾಯಿಯ ತುದಿ ಕತ್ತರಿಸಿದಳು. ಅಷ್ಟಕ್ಕೇ ಚಾಕು ಕೆಳಗಿಟ್ಟು, ಆ ಕಾಯನ್ನು ಕಸದ ಡಬ್ಬಕ್ಕೆ ಹಾಕಿ, ಇದ್ದ ವಿಷಯ ಹೇಳಿದಳು. ಬಾಣಸಿಗನ ನಗು ನಿಂತಿತು. ಅವಳು ಮುಟ್ಟಿದ ಚಾಕು, ಹಲಗೆ ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿಸಿದ. ಆಮೇಲೆ, ಅವಳೇ ಹೇಳಿದಂತೆ, ಬಸ್ ನಿಲ್ದಾಣದವರೆಗೂ ಬಂದು ಬಿಟ್ಟುಹೋದ. ಒಳ್ಳೆಯತನಕ್ಕೋ, ಹೋದದ್ದು ಖಾತ್ರಿ ಮಾಡಿಕೊಳ್ಳುವುದಕ್ಕೋ ಅವಳಿಗೆ ತಿಳಿಯಲಿಲ್ಲ.

ಮೂರನೇ ದಿನ ನನ್ನ ಮೇಜಿನ ಮುಂದೆ ನಿಂತು, “ಹೋಗಿ ಬಂದೆ. ಡಬ್ಬಿ ಕೊಡಿ” ಎಂದಳು.

ಆ ದಿನವೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಸ್ಕ್ಯಾನಿನಲ್ಲಿ ಪಿತ್ತಕೋಶದೊಳಗೆ ಕಲ್ಲುಗಳು ಕಂಡವು. ಕ್ರಿಮಿ ಆ ಕಲ್ಲುಗಳ ಸಂದಿಯಲ್ಲಿ ಮನೆ ಮಾಡಿಕೊಂಡಿದೆ, ಔಷಧಿ ಅಲ್ಲಿಗೆ ತಲುಪುತ್ತಿಲ್ಲ, ಆ ಚೀಲವನ್ನೇ ತೆಗೆಯಬೇಕು ಎಂದರು ಡಾಕ್ಟರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಒಳಗಿರೋದಕ್ಕೆ ಮನೆ ಇದೆ, ನಂಗೇ ಇಲ್ಲ” ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ.

ದಿನ ಗೊತ್ತಾಯಿತು. ಅಷ್ಟರಲ್ಲಿ ಊರಿಗೆ ಸೊಳ್ಳೆ ಜ್ವರ ಬಡಿಯಿತು. ಆಸ್ಪತ್ರೆಯ ಕಾರಿಡಾರುಗಳಲ್ಲೂ ಹಾಸಿಗೆ ಹಾಕಿದರು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನೆಲ್ಲ ಮುಂದೆ ಹಾಕಿದರು. ಜ್ವರವಿಲ್ಲದವಳ ಸರದಿ ಜ್ವರವಿದ್ದವರ ಹಿಂದೆ ಹೋಯಿತು. ಮೂರು ಸಲ ಬಟ್ಟೆಬರೆ ಕಟ್ಟಿಕೊಂಡು ಹೋಗಿ ಮೂರು ಸಲ ತಿರುಗಿ ಬಂದಳು. ನಾಲ್ಕನೇ ಸಲ ಒಳಗೆ ಕರೆದರು. ಅಂದು ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ತಲೆ ಬಾಚಿದ್ದು ಅತ್ತಿಗೆ. ಮಗುವನ್ನು ಅಣ್ಣನ ಹತ್ತಿರ ಬಿಟ್ಟು ಬಂದಿದ್ದಳು. ಬಾಚುತ್ತಾ ಬಾಚುತ್ತಾ, “ನನ್ಮೇಲೆ ಕೋಪ ಇದ್ಯಾ?” ಎಂದಳು. “ನಂಗೆ ಮಗು ಇದ್ದಿದ್ರೆ ನಾನೂ ಹಾಗೇ ಮಾಡ್ತಿದ್ದೆ ಅತ್ತಿಗೆ” ಎಂದಳು ಡಿಗ್ರಿ. ಕೋಪವಿಲ್ಲ ಎಂದು ಅವಳು ಹೇಳಲಿಲ್ಲ. ಅತ್ತಿಗೆಗೂ ಅದು ತಿಳಿಯಿತು.

ಪಿತ್ತಕೋಶ ತೆಗೆದ ಮೇಲೆ ಮತ್ತೆ ಮೂರು ಡಬ್ಬಿ. ಒಂದು, ಎರಡು, ಮೂರು; ಯಾವುದರಲ್ಲೂ ಕ್ರಿಮಿ ಇಲ್ಲ. ಮೂರನೇ ಚೀಟಿ ಓದಿ ನಾನೇ ಎರಡು ಸಲ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿದೆ. ಬಿಡುಗಡೆಯ ಪತ್ರ ನಾನೇ ಟೈಪ್ ಮಾಡಿಸಿ, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆ. ಅಮ್ಮ ಅತ್ತರು. ಅಣ್ಣ ಪಕ್ಕದ ಮನೆಯ ಬಾಗಿಲು ಬಡಿದು ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಬೀಗ ತೆಗೆಸಿದ. ಡಿಗ್ರಿ ಮಾತ್ರ ಪತ್ರ ಹಿಡಿದು ಕಿಟಕಿ ಪಕ್ಕ ನಿಂತೇ ಇದ್ದಳು. ಎರಡೂವರೆ ವರ್ಷ ಒಂದು ಬಾಗಿಲನ್ನು ತಳ್ಳುತ್ತಲೇ ಇದ್ದವರು, ಅದು ತಟ್ಟನೆ ತೆರೆದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಅವಳು ಒಂದು ತಿಂಗಳು ಮನೆಯ ಒಲೆಯನ್ನೂ ಮುಟ್ಟಲಿಲ್ಲ.

ಆಮೇಲೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೇರಿದಳು. ಸೇರುವ ಮೊದಲೇ ಮ್ಯಾನೇಜರಿಗೆ ಎಲ್ಲ ಹೇಳಿ, ಪತ್ರ ತೋರಿಸಿದಳು. ಆತ ಆರು ತಿಂಗಳು ಅವಳಿಂದ ಪಾತ್ರೆ ತೊಳೆಸಿದ, ನಂತರ ಒಲೆಯ ಮುಂದೆ ಬಿಟ್ಟ. ಅವಳ ತರಗತಿಯವರು ಅಷ್ಟರಲ್ಲಿ ದೊಡ್ಡ ಹೋಟೆಲುಗಳಲ್ಲಿ ಮೇಲೇರಿದ್ದರು. ಇವಳು ಮೂರು ವರ್ಷ ಹಿಂದೆ ಬಿದ್ದಿದ್ದಳು.

ನಾನು ನಿವೃತ್ತಿಯಾಗುವ ವಾರ ಆ ಕ್ಯಾಂಟೀನಿಗೆ ಹೋಗಿದ್ದೆ, ತಪಾಸಣೆಗಲ್ಲ, ಸುಮ್ಮನೆ. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಬಿಳಿ ಟೋಪಿಯ ಕೆಳಗೆ ಅವಳ ಮುಖ ತುಂಬಿಕೊಂಡಿತ್ತು. “ಡಬ್ಬಿ ಮೇಡಂ ಬಂದ್ರು!” ಎಂದು ಕೂಗಿ, ನನ್ನನ್ನು ಕೂರಿಸಿ, ಬಿಸಿ ಅಡುಗೆ ಬಡಿಸಿದಳು. ಪಕ್ಕದಲ್ಲಿ ಒಂದು ಚಿಕ್ಕ ತಟ್ಟೆ, ತುಂಬ ತೆಳ್ಳಗೆ ಹೆಚ್ಚಿದ ಹಣ್ಣು. ಅವಳು ಎದುರು ಕೂತಳು.

ಬಿಸಿಯದನ್ನು ತಿಂದೆ. ಹಣ್ಣಿನ ಕಡೆ ಚಾಚಿದ ನನ್ನ ಕೈ ಒಂದು ಕ್ಷಣ ನಿಂತಿತು. ಪತ್ರಕ್ಕೆ ಸಹಿ ಹಾಕಿದ ಕೈ ಅದು. ಆ ಕರುಳು ಶುದ್ಧವಾಗಿದೆ ಎಂದು ಈ ಊರಿನಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ನನಗೆ. ಆದರೂ ನಿಂತಿತು. ಮರುಕ್ಷಣ ಎತ್ತಿಕೊಂಡು ತಿಂದೆ, ಎರಡನೆಯದನ್ನೂ ತಿಂದೆ, ಚೆನ್ನಾಗಿದೆ ಎಂದೆ.

ಅವಳು ನೋಡಿಬಿಟ್ಟಿದ್ದಳು. ಟೋಪಿ ಸರಿಮಾಡಿಕೊಂಡು, “ಇನ್ನೊಂದ್ ಸ್ವಲ್ಪ ಹಾಕ್ಲಾ ಮೇಡಂ?” ಎಂದು ಕೇಳಿದಳು.

“ಹಾಕು” ಎಂದೆ. ಅವಳು ಎದ್ದು ಒಳಗೆ ಹೋದಳು. ಕೈ ತೊಳೆಯುವ ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.